ಚಟ್ನಿಪುಡಿಯನ್ನು ಆನ್‌ಲೈನ್‌ನಲ್ಲಿ ಮಾರಬೇಕೇ? ಒಂದು ಪಾರ್ಸೆಲ್‌ನ ಲೆಕ್ಕ ಹಾಕಿ ನೋಡಿ

ಮನೆಯಲ್ಲೇ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಮಾಡಿ ಊರಿನಲ್ಲಿ ಹೆಸರು ಮಾಡಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಫೋನ್ ಬರುತ್ತದೆ: "ನಾವೀಗ ಪುಣೆಯಲ್ಲಿದ್ದೀವಿ, ಎರಡು ಕಿಲೋ ಶೇಂಗಾ ಚಟ್ನಿ ಕಳಿಸ್ತೀರಾ?" ಮನೆಯ ಮಕ್ಕಳು "ಆನ್‌ಲೈನ್‌ಗೆ ಹಾಕಿಬಿಡೋಣಮ್ಮಾ" ಅನ್ನುತ್ತಾರೆ. ಹೆದರಿಕೆಯೂ ಇದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿ ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿದ ಮೇಲೆ, ಫೋನ್‌ನಲ್ಲಿ ಹಣ ತೆಗೆದುಕೊಳ್ಳುವುದಕ್ಕೇ ಹಿಂದೆಮುಂದೆ ನೋಡಿದ ಅಂಗಡಿಗಳಿದ್ದವು. ಹೀಗಿರುವಾಗ ಆನ್‌ಲೈನ್ ಮಾರಾಟಕ್ಕೆ ಕೈಹಾಕಬಹುದೇ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ಉತ್ತರ ಹುಡುಕುವ ಜಾಗ ಒಂದೇ. ನಿಮ್ಮ ಮನೆಯಿಂದ ಹೊರಡುವ ಒಂದು ಪಾರ್ಸೆಲ್ ಗಿರಾಕಿಯ ಕೈ ಸೇರಿದ ಮೇಲೆ ನಿಮಗೆಷ್ಟು ಉಳಿಯುತ್ತದೆ ಎಂಬುದೇ ಆ ಜಾಗ. ವೆಬ್‌ಸೈಟ್, ಫೋಟೊ, ಜಾಹೀರಾತು ಎಲ್ಲ ಅದರ ನಂತರದ ಮಾತು.

'ಆನ್‌ಲೈನ್' ಅಂದರೆ ಒಂದೇ ದಾರಿಯಲ್ಲ

ಮೊದಲನೆಯದು, ಈಗಾಗಲೇ ನಿಮ್ಮನ್ನು ಬಲ್ಲವರಿಗೆ ವಾಟ್ಸ್ಆ್ಯಪ್‌ನಲ್ಲಿ ಮಾರುವುದು. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲಿ ಪದಾರ್ಥಗಳ ಫೋಟೊ, ಬೆಲೆ ಇರುವ ಕ್ಯಾಟಲಾಗ್ ಮಾಡಬಹುದು. ಗಿರಾಕಿ ಯುಪಿಐನಲ್ಲಿ ಹಣ ಹಾಕುತ್ತಾರೆ, ನೀವು ಅಂಚೆಗೋ ಕೊರಿಯರ್‌ಗೋ ಕೊಡುತ್ತೀರಿ. ಬ್ಯಾಂಕ್ ಖಾತೆಯಿಂದ ನೇರ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವರ್ತಕರು ಶುಲ್ಕ ಕೊಡಬೇಕಿಲ್ಲ. ಉದ್ರಿ ಪುಸ್ತಕದಲ್ಲಿ ಹೆಸರಿರುವ ಗಿರಾಕಿ ದೂರದ ಊರಿಗೆ ಹೋಗಿ ನೆಲೆಸಿದರೂ ನಿಮ್ಮ ಕೈರುಚಿ ಬಿಡದಿದ್ದ ಹಾಗೆ ಇದು.

ಎರಡನೆಯದು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ಮಾರುಕಟ್ಟೆ ತಾಣ. ಇದು ದೊಡ್ಡ ಜಾತ್ರೆ. ಜನ ಬರುತ್ತಲೇ ಇರುತ್ತಾರೆ, ಆದರೆ ನಿಮ್ಮ ಪಕ್ಕದಲ್ಲೇ ಅದೇ ಚಟ್ನಿಪುಡಿಯ ಇನ್ನೂರು ಅಂಗಡಿ ಇರುತ್ತವೆ. ಜಾಗದ ಬಾಡಿಗೆ, ಸುಂಕ ಎಲ್ಲ ಜಾತ್ರೆ ನಡೆಸುವವರು ಹೇಳಿದಷ್ಟು. ಗಿರಾಕಿಯ ಫೋನ್ ನಂಬರ್ ನಿಮ್ಮ ಕೈಗೆ ಸಿಗುವುದಿಲ್ಲ.

ಮೂರನೆಯದು ಸ್ವಂತ ವೆಬ್‌ಸೈಟ್. ಓಣಿಯ ಒಳಗೆ ಚೆಂದದ ಅಂಗಡಿ ಕಟ್ಟಿದ ಹಾಗೆ. ಅಂಗಡಿ ನಿಮ್ಮದೇ, ಆದರೆ ಮುಖ್ಯರಸ್ತೆಯಿಂದ ಜನರನ್ನು ಕರೆತರುವ ಖರ್ಚೂ ನಿಮ್ಮದೇ. ಕಾರ್ಡ್ ಪಾವತಿಗೆ ಪೇಮೆಂಟ್ ಗೇಟ್‌ವೇಗೆ, ಅಂದರೆ ಗಿರಾಕಿಯ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಕಂಪನಿಗೆ, ಸುಮಾರು ಶೇ 2 ಕೊಡಬೇಕು, ಅದರ ಮೇಲೆ ಜಿಎಸ್‌ಟಿ.

ಮಾರುಕಟ್ಟೆ ತಾಣ, ಸ್ವಂತ ವೆಬ್‌ಸೈಟ್ ಇವೆರಡರ ನಡುವೆ ಒಎನ್‌ಡಿಸಿ (ಓಪನ್ ನೆಟ್‌ವರ್ಕ್ ಫಾರ್ ಡಿಜಿಟಲ್ ಕಾಮರ್ಸ್) ಇದೆ. ಕೇಂದ್ರ ಸರ್ಕಾರದ ಬೆಂಬಲದ ಈ ಜಾಲ 2022ರಲ್ಲಿ ಪ್ರಾಯೋಗಿಕವಾಗಿ ಶುರುವಾದ ನಗರಗಳಲ್ಲಿ ಬೆಂಗಳೂರೂ ಒಂದು. ಒಬ್ಬರ ಫೋನ್‌ಪೇಯಿಂದ ಇನ್ನೊಬ್ಬರ ಗೂಗಲ್‌ಪೇಗೆ ಹಣ ಹೋಗುವ ಹಾಗೆ, ಇಲ್ಲಿ ಗಿರಾಕಿ ಒಂದು ಆ್ಯಪ್‌ನಲ್ಲಿದ್ದು ನೀವು ಇನ್ನೊಂದರಲ್ಲಿ ಇರಬಹುದು. ಆದರೆ ಸೇರಲು ಒಂದು ಮಾರಾಟಗಾರರ ಆ್ಯಪ್ ಬೇಕೇ ಬೇಕು, ಅದಕ್ಕೂ ಶುಲ್ಕವಿದೆ.

ಒಂದು ಪಾರ್ಸೆಲ್‌ನ ಲೆಕ್ಕ

ಕೆಳಗಿನ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಕಾಗದ ಪೆನ್ನು ಹಿಡಿದು ಆ ಜಾಗದಲ್ಲಿ ನಿಮ್ಮ ಅಂಕಿ ಬರೆದುಕೊಳ್ಳಿ.

ಕಾಲು ಕಿಲೋ ಶೇಂಗಾ ಚಟ್ನಿಪುಡಿ ಅಂಗಡಿಯಲ್ಲಿ 120 ರೂಪಾಯಿ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಯುವ ಗ್ಯಾಸ್, ಕುಟ್ಟುವ ಕೂಲಿ, ಪೌಚ್, ಲೇಬಲ್ ಎಲ್ಲ ಸೇರಿ ಅಸಲು 70. ಉಳಿತಾಯ 50. ನಿಮ್ಮ ದುಡಿಮೆಗೂ ಮನೆಯವರ ದುಡಿಮೆಗೂ ಕೂಲಿ ಹಾಕಿಯೇ ಅಸಲು ಬರೆಯಿರಿ. ಬಹಳ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ.

ಅದೇ ಪೊಟ್ಟಣವನ್ನು ಮಾರುಕಟ್ಟೆ ತಾಣದಲ್ಲಿ 180ಕ್ಕೆ ಇಟ್ಟಿರಿ ಎನ್ನೋಣ. ಚಟ್ನಿಪುಡಿಗೆ ಶೇ 5 ಜಿಎಸ್‌ಟಿ. ಅದನ್ನು ತೆಗೆದರೆ ನಿಮ್ಮದು 171 ರೂಪಾಯಿ 43 ಪೈಸೆ. ಕಮಿಷನ್ ಶೇ 8 ಅಂದರೆ 14.40, ಪ್ರತಿ ಆರ್ಡರ್‌ಗೆ ನಿಗದಿ ಶುಲ್ಕ 10, ಹೊರರಾಜ್ಯಕ್ಕೆ ಸಾಗಣೆ 65. ಮೂರೂ ಸೇರಿ 89.40. ಉಳಿದದ್ದು 82. ಅದರಲ್ಲಿ ಅಸಲು 70, ರಟ್ಟಿನ ಡಬ್ಬಿ ಮತ್ತು ಟೇಪು 10 ಕಳೆಯಿರಿ. ಕೈಯಲ್ಲಿ ಉಳಿದದ್ದು ಎರಡೇ ರೂಪಾಯಿ. ಈ ಶುಲ್ಕಗಳ ಮೇಲೆ ತಾಣ ಶೇ 18 ಜಿಎಸ್‌ಟಿಯನ್ನೂ ಹಾಕುತ್ತದೆ. ನೋಂದಣಿ ಇದ್ದರೆ ಅದು ನೀವು ಕಟ್ಟುವ ತೆರಿಗೆಯಲ್ಲಿ ವಜಾ ಆಗುತ್ತದೆ, ಇಲ್ಲದಿದ್ದರೆ ಅದೂ ಖರ್ಚೇ.

'ನಮ್ಮಲ್ಲಿ ಕಮಿಷನ್ ಇಲ್ಲ' ಎಂಬ ಮಾತು ಕೇಳಿರುತ್ತೀರಿ. ನಿಜವೇ. ಮೀಶೋ 2021ರಲ್ಲೇ ಕಮಿಷನ್ ಬಿಟ್ಟಿತು. ಅಮೆಜಾನ್ 2025ರ ಏಪ್ರಿಲ್‌ನಿಂದ 300 ರೂಪಾಯಿಯೊಳಗಿನ ಅನೇಕ ಬಗೆಯ ಸರಕಿಗೆ ಅದನ್ನು ಮನ್ನಾ ಮಾಡಿತು. ಆದರೆ ಮೇಲಿನ ಲೆಕ್ಕದಲ್ಲಿ ಕಮಿಷನ್ ತೆಗೆದರೆ ಉಳಿಯುವುದು 16 ರೂಪಾಯಿ, ಸಾಗಣೆಯ 65 ಹಾಗೇ ಇದೆ. ಸಣ್ಣ ಬೆಲೆಯ ಸರಕನ್ನು ತಿನ್ನುವುದು ಕಮಿಷನ್ ಅಲ್ಲ, ಸಾಗಣೆ.

ಈಗ ವಾಪಸ್ ಬರುವ ಪಾರ್ಸೆಲ್. ವ್ಯಾಪಾರದವರು ಇದನ್ನು ಆರ್‌ಟಿಒ ಅನ್ನುತ್ತಾರೆ, ಅಂದರೆ ಹೊರಟಲ್ಲಿಗೇ ಮರಳಿದ್ದು. ಮನೆಗೆ ಬೀಗ, ವಿಳಾಸ ತಪ್ಪು, ಅಥವಾ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡಿದವರು ಬಾಗಿಲಲ್ಲಿ "ಬೇಡ" ಅನ್ನುವುದು. ಬಟ್ಟೆಯಾದರೆ ಮಡಚಿ ಮತ್ತೆ ಮಾರಬಹುದು. ತಿನ್ನುವ ಪದಾರ್ಥ ಹದಿನೈದು ದಿನ ಗೋದಾಮು, ಲಾರಿ ಸುತ್ತಿ ಬಂದರೆ ಮತ್ತೆ ಮಾರಬಾರದು. ಹಾಗಾಗಿ ಮರಳಿದ ಒಂದು ಪೊಟ್ಟಣಕ್ಕೆ ನಷ್ಟ: ಅಸಲು 70, ಡಬ್ಬಿ 10, ಹೋಗುವ ಸಾಗಣೆ 65, ಒಟ್ಟು 145. ನೂರು ಆರ್ಡರ್‌ನಲ್ಲಿ ಐದು ಮರಳಿದರೆ 725 ರೂಪಾಯಿ ಹೋಯಿತು. ಉಳಿದ 95ರಿಂದ ಎರಡೆರಡು ರೂಪಾಯಿಯಂತೆ ಬಂದದ್ದು 190. ನೂರು ಪಾರ್ಸೆಲ್ ಕಟ್ಟಿ ಐನೂರಕ್ಕೂ ಹೆಚ್ಚು ಕೈಯಿಂದ ಹಾಕಿದಂತಾಯಿತು. ಕಮಿಷನ್ ಇಲ್ಲದ ತಾಣದಲ್ಲೂ ಇದೇ ಐದು ಮರಳಿದರೆ ಪೊಟ್ಟಣಕ್ಕೆ ಸರಾಸರಿ ಎಂಟು ರೂಪಾಯಿ ಉಳಿದೀತು. ಅಂಗಡಿಯಲ್ಲಿ ಅದೇ ಪೊಟ್ಟಣ 50 ಕೊಡುತ್ತಿತ್ತು.

ಲೆಕ್ಕವನ್ನು ಸ್ವಲ್ಪ ಬದಲಿಸಿ. ಒಂದು ಪೊಟ್ಟಣ ಬೇಡ. ಶೇಂಗಾ, ಅಗಸೆ, ಗುರೆಳ್ಳು, ಪುಟಾಣಿ ನಾಲ್ಕು ಬಗೆಯ ಪುಡಿ ಕಾಲು ಕಿಲೋದಂತೆ ಸೇರಿಸಿ ಒಂದು ಕಿಲೋ ಕಟ್ಟು ಮಾಡಿ. ಅದೇ ತಾಣದಲ್ಲಿ 600 ರೂಪಾಯಿ. ತೆರಿಗೆ ಕಳೆದು 571, ಕಮಿಷನ್ 48, ನಿಗದಿ ಶುಲ್ಕ 10, ಸಾಗಣೆ 110, ಅಸಲು 280, ಡಬ್ಬಿ 18. ಉಳಿದದ್ದು 105. ನೂರಕ್ಕೆ ಐದು ಮರಳಿದರೂ ಸರಾಸರಿ 80 ರೂಪಾಯಿ ಸಿಗುತ್ತದೆ.

ಅದೇ ಕಟ್ಟನ್ನು ರಾಜ್ಯದೊಳಗಿನ ಪರಿಚಿತ ಗಿರಾಕಿಗೆ ವಾಟ್ಸ್ಆ್ಯಪ್‌ನಲ್ಲಿ ಮಾರಿ. ಅಂಗಡಿ ಬೆಲೆ 480, ಸಾಗಣೆಗೆಂದು ಬೇರೆಯಾಗಿ 80, ಒಟ್ಟು 560 ಮುಂಗಡ. ಅಸಲು 280, ಡಬ್ಬಿ 18, ಕೊರಿಯರ್ 90 ಕಳೆದರೆ 172. ಅಂಗಡಿಯ ಉಳಿತಾಯ 200ಕ್ಕೆ ಇದು ತೀರಾ ಹತ್ತಿರ. ಹಣ ಮೊದಲೇ ಬಂದಿರುವುದರಿಂದ ವಾಪಸ್ ಬರುವುದೂ ಅಪರೂಪ. ನನ್ನ ಅಭಿಪ್ರಾಯದಲ್ಲಿ ಸಣ್ಣ ಆಹಾರ ವ್ಯಾಪಾರಕ್ಕೆ ಮೊದಲ ಮೆಟ್ಟಿಲು ಇದೇ ಆಗಬೇಕು.

ಬೆಲೆ ನಿಗದಿ ಮಾಡುವಾಗ ಒಂದು ಎಚ್ಚರ. ಪೌಚ್ ಮೇಲೆ ಎಂಆರ್‌ಪಿ 120 ಎಂದು ಅಚ್ಚಾಗಿದ್ದರೆ ಅದನ್ನೇ ಆನ್‌ಲೈನ್‌ನಲ್ಲಿ 180ಕ್ಕೆ ಮಾರುವಂತಿಲ್ಲ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ. ಹೆಚ್ಚಿನ ಬೆಲೆಯನ್ನೇ ಅಚ್ಚು ಹಾಕಿಸಿ ಅಂಗಡಿಯಲ್ಲಿ ಕಡಿಮೆಗೆ ಕೊಡಬಹುದು. ಇಲ್ಲವೇ ಸಾಗಣೆ ಶುಲ್ಕವನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿ.

ತಕ್ಕಡಿಯ ತೂಕ, ಡಬ್ಬಿಯ ತೂಕ

ಕೊರಿಯರ್‌ನವರು ಎರಡು ಬಗೆಯಲ್ಲಿ ತೂಗುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಡಬ್ಬಿ ಲಾರಿಯಲ್ಲಿ ಹಿಡಿಯುವ ಜಾಗದ ತೂಕ. ಇದನ್ನು ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಅರಳು ಸಂಡಿಗೆ ಅರ್ಧ ಕಿಲೋ ಇದೆ ಎಂದುಕೊಳ್ಳಿ. ಪುಡಿಯಾಗದಿರಲೆಂದು 30, 25, 12 ಸೆಂಟಿಮೀಟರ್ ಡಬ್ಬಿಯಲ್ಲಿ ಹಾಕಿದಿರಿ. ಗುಣಿಸಿದರೆ 9,000, ಭಾಗಿಸಿದರೆ 1.8 ಕಿಲೋ. ಅರ್ಧ ಕಿಲೋ ಸಂಡಿಗೆಗೆ ಎರಡು ಕಿಲೋ ಸಾಗಣೆ ದರ ತೆತ್ತಂತಾಯಿತು. ಅದೇ ಡಬ್ಬಿಯಲ್ಲಿ ಎರಡು ಕಿಲೋ ಚಟ್ನಿಪುಡಿ ಕೂರಿಸಿದರೆ ತೆತ್ತ ದುಡ್ಡಿಗೆ ಸರಿಯಾಗುತ್ತದೆ. ಭಾರವಾದರೂ ಜಾಗ ಕಡಿಮೆ ಹಿಡಿಯುವ, ಒಡೆಯದ, ಬೆಲೆ ಬಾಳುವ ಸರಕು ದೂರ ಹೋಗುತ್ತದೆ. ಹಗುರವಾಗಿದ್ದು ಜಾಗ ತಿನ್ನುವ ಸಂಡಿಗೆಯನ್ನು ಊರಿನ ಅಂಗಡಿಗೇ ಬಿಡುವುದು ಮೇಲು.

ಡಬ್ಬಿಯೊಳಗೆ ಏನು ಕೆಡುತ್ತದೆ, ಯಾಕೆ

ಉಪ್ಪಿನಕಾಯಿ ಪಾರ್ಸೆಲ್ ಸೋರಿದರೆ ಸಾಮಾನ್ಯವಾಗಿ ಮುಚ್ಚಳವನ್ನು ದೂರುತ್ತೇವೆ. ಎಷ್ಟೋ ಸಲ ತಪ್ಪು ತುಂಬಿದ ರೀತಿಯಲ್ಲಿರುತ್ತದೆ. ಬಾಯಿಮಟ್ಟ ತುಂಬಿದ ಡಬ್ಬಿ ಬಿಸಿಲಿನ ಲಾರಿಯಲ್ಲಿ ಕೂತಾಗ ಎಣ್ಣೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಮುಚ್ಚಳದ ಎಳೆಯಗುಂಟ ಹೊರಬರುತ್ತದೆ. ಮೇಲೆ ಒಂದು ಸೆಂಟಿಮೀಟರ್ ಖಾಲಿ ಬಿಡಿ. ಗಾಜಿನ ಬದಲು ಗಟ್ಟಿ ಪೆಟ್ ಪ್ಲಾಸ್ಟಿಕ್ ಡಬ್ಬಿ, ಅದರ ಬಾಯಿಗೆ ಅಲ್ಯುಮಿನಿಯಂ ಹಾಳೆಯನ್ನು ಯಂತ್ರದಿಂದ ಬಿಸಿಮಾಡಿ ಅಂಟಿಸುವ ಇಂಡಕ್ಷನ್ ಸೀಲ್. ಸೀಲ್ ಅಂಟುವ ಅಂಚಿನಲ್ಲಿ ಎಣ್ಣೆಯ ಪಸೆ ಇದ್ದರೆ ಅದು ಹಿಡಿಯುವುದಿಲ್ಲ. ಆದ್ದರಿಂದ ತುಂಬಿದ ಮೇಲೆ ಅಂಚನ್ನು ಒಣಬಟ್ಟೆಯಿಂದ ಒರೆಸಿಯೇ ಸೀಲ್ ಮಾಡಬೇಕು. ನಂತರ ಡಬ್ಬಿಯನ್ನು ಹಳೇ ಪೇಪರ್ ಮೇಲೆ ತಲೆಕೆಳಗಾಗಿ ಒಂದು ದಿನ ಇಡಿ. ಪೇಪರ್‌ನಲ್ಲಿ ಎಣ್ಣೆಯ ಕಲೆ ಕಂಡರೆ ಆ ಡಬ್ಬಿ ಹೊರಡಬಾರದು. ಪ್ರತಿ ಡಬ್ಬಿಗೂ ಬೇರೆ ಪ್ಲಾಸ್ಟಿಕ್ ಚೀಲ ಹಾಕಿದರೆ, ಒಂದು ಸೋರಿದರೂ ಉಳಿದ ಮೂರರ ಲೇಬಲ್ ಹಾಳಾಗುವುದಿಲ್ಲ.

ಚಟ್ನಿಪುಡಿಯ ಶತ್ರು ಹಬೆ. ಹುರಿದು ಕುಟ್ಟಿದ ಪುಡಿ ಒಳಗಿನ್ನೂ ಬೆಚ್ಚಗಿರುವಾಗಲೇ ಪೌಚ್‌ಗೆ ಹೋದರೆ ಹಬೆ ನೀರಾಗಿ ಪುಡಿ ಗಂಟುಕಟ್ಟುತ್ತದೆ, ಆಮೇಲೆ ಬೂಷ್ಟು. ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆಯೇ ತುಂಬಿ. ಕೊಬ್ಬರಿ ಹಾಕಿದ ಪುಡಿ ಬೇಗ ಕಮಟು ವಾಸನೆಗೆ ತಿರುಗುತ್ತದೆ. ದೂರದ ಊರಿಗೆ ಕೊಬ್ಬರಿ ಇಲ್ಲದ ಬಗೆಗಳನ್ನೇ ಆರಿಸಿಕೊಳ್ಳಿ. ಪ್ರತಿ ಸಲ ಮಾಡಿದ ಪುಡಿಯಲ್ಲಿ ಎರಡು ಪೊಟ್ಟಣ ಮನೆಯಲ್ಲೇ ದಿನಾಂಕ ಬರೆದು ಇಟ್ಟು, ಹದಿನೈದು ದಿನಕ್ಕೊಮ್ಮೆ ತೆರೆದು ಮೂಸಿ, ರುಚಿ ನೋಡಿ. ಪೊಟ್ಟಣದ ಮೇಲೆ ಎಷ್ಟು ದಿನ ಎಂದು ಬರೆಯುವ ಮೊದಲು ಈ ಪರೀಕ್ಷೆಯಾದರೂ ಆಗಿರಬೇಕು.

ಕಟ್ಟಿದ ಪಾರ್ಸೆಲ್ಲನ್ನು ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಆರು ಮುಖ, ಒಂದು ಮೂಲೆ. ಬಿಚ್ಚಿ ನೋಡಿ. ಸಾಗಣೆಯಲ್ಲಿ ಅದು ಇದಕ್ಕಿಂತ ಮೆತ್ತಗೆ ಇಳಿಯುವುದಿಲ್ಲ.

ಜಿಎಸ್‌ಟಿ: ಗಡಿ ದಾಟಿದಾಗ ಏನಾಗುತ್ತದೆ

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸೇವೆಗೆ ಈ ಮಿತಿ 20 ಲಕ್ಷ. ವಹಿವಾಟು ಅಂದರೆ ಲಾಭವಲ್ಲ, ಒಟ್ಟು ಮಾರಾಟ. 2025ರ ನೋಟಿಸ್‌ಗಳ ಹಿಂದೆ ಇದ್ದದ್ದೂ ಇದೇ ಮಿತಿಯ ಪ್ರಶ್ನೆ. ಮನೆಯ ಖಾಸಗಿ ಹಣವೂ ವ್ಯಾಪಾರದ ಹಣವೂ ಒಂದೇ ಕ್ಯೂಆರ್ ಕೋಡ್‌ಗೆ ಬಿದ್ದರೆ, ಯಾವುದು ಯಾವುದೆಂದು ಆಮೇಲೆ ಬಿಡಿಸಿ ತೋರಿಸುವುದು ಕಷ್ಟ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಂದೇ ತೆರೆಯಿರಿ.

ಮಿತಿಯೊಳಗೇ ಇದ್ದರೂ ನೋಂದಣಿ ಬೇಕಾಗುವ ಸಂದರ್ಭವೊಂದಿದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಕಡ್ಡಾಯ. ಪುಣೆಯವರು ಹುಬ್ಬಳ್ಳಿಯ ನಿಮ್ಮ ಅಂಗಡಿಗೇ ಬಂದು ಕೊಂಡು ಚೀಲದಲ್ಲಿ ಹಾಕಿಕೊಂಡು ಹೋದರೆ ಅದು ರಾಜ್ಯದೊಳಗಿನ ಮಾರಾಟ. ಅದನ್ನೇ ನೀವು ಕೊರಿಯರ್‌ನಲ್ಲಿ ಪುಣೆಗೆ ಕಳಿಸಿದರೆ ಅಂತರರಾಜ್ಯ ಮಾರಾಟ. ಲೇಖನದ ಮೊದಲಲ್ಲಿ ಬಂದ ಆ ಫೋನ್ ಕರೆಗೆ ಉತ್ತರ ಕೊಡುವ ಮೊದಲು ತಿಳಿದಿರಬೇಕಾದದ್ದು ಇದು. ಎರಡು ವಿನಾಯಿತಿಗಳು ಗಮನದಲ್ಲಿರಲಿ. ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ, ಹಪ್ಪಳ ಬಿಟ್ಟು ಬೇರೇನೂ ಮಾರದವರಿಗೆ ನೋಂದಣಿಯ ಅಗತ್ಯವಿಲ್ಲ. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ತಾವೇ ನೇರವಾಗಿ ಹೊರರಾಜ್ಯಕ್ಕೆ ಮಾರುವವರಿಗೆ 20 ಲಕ್ಷದವರೆಗೆ ರಿಯಾಯಿತಿ ಇದೆ.

ಮಾರುಕಟ್ಟೆ ತಾಣಗಳ ಮೂಲಕ ಮಾರುವವರು ಮೊದಲೆಲ್ಲ ಕಡ್ಡಾಯವಾಗಿ ನೋಂದಾಯಿಸಬೇಕಿತ್ತು. 2023ರ ಅಕ್ಟೋಬರ್ 1ರಿಂದ ಇದು ಸಡಿಲವಾಗಿದೆ. ವಹಿವಾಟು ಮಿತಿಯೊಳಗಿದ್ದು, ಒಂದೇ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಕಂಪೋಸಿಷನ್ ಯೋಜನೆಯಲ್ಲಿ, ಅಂದರೆ ಸಣ್ಣ ವರ್ತಕರು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಸರಳ ವ್ಯವಸ್ಥೆಯಲ್ಲಿ, ಇರುವವರೂ ಅಂದಿನಿಂದ ರಾಜ್ಯದೊಳಗೆ ತಾಣಗಳಲ್ಲಿ ಸರಕು ಮಾರಬಹುದು. ಆದರೆ ಕಂಪೋಸಿಷನ್‌ನಲ್ಲಿದ್ದು ಹೊರರಾಜ್ಯಕ್ಕೆ ಮಾರುವಂತಿಲ್ಲ.

ನೋಂದಣಿಯಾದ ಮೇಲೆ ಅಂಗಡಿಯ ಮಾರಾಟಕ್ಕೂ ತೆರಿಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. 120ಕ್ಕೆ ಮಾರುವ ಪೊಟ್ಟಣದಲ್ಲಿ 5 ರೂಪಾಯಿ 71 ಪೈಸೆ ಸರ್ಕಾರದ್ದು. ವಹಿವಾಟು 5 ಕೋಟಿಯೊಳಗಿದ್ದರೆ ಜಿಎಸ್‌ಟಿ ರಿಟರ್ನನ್ನು, ಅಂದರೆ ಮಾರಾಟ ಮತ್ತು ತೆರಿಗೆಯ ಲೆಕ್ಕಪತ್ರವನ್ನು, ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಇದೆ, ತೆರಿಗೆ ಹಣ ಮಾತ್ರ ತಿಂಗಳು ತಿಂಗಳು. ಏನೂ ಮಾರದ ಅವಧಿಗೂ ರಿಟರ್ನ್ ಹಾಕಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿ, ಮಾರಾಟವಿದ್ದರೆ 50. ಇದಕ್ಕೆ ಅಕೌಂಟೆಂಟ್‌ಗೆ ಕೊಡುವ ಸಂಬಳವನ್ನೂ ವರ್ಷದ ಪಾರ್ಸೆಲ್‌ಗಳಿಗೆ ಹಂಚಿ ಹಾಕಿ. ತಿಂಗಳಿಗೆ ಹೊರರಾಜ್ಯದ ಆರ್ಡರ್ ಹತ್ತೇ ಇದ್ದರೆ ಲೆಕ್ಕ ಕೂಡುವುದು ಕಷ್ಟ.

ತಾಣವು ನೋಂದಾಯಿತ ಮಾರಾಟಗಾರರ ಹಣದಲ್ಲಿ ಶೇ 0.5 ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಇದು ಖರ್ಚಲ್ಲ, ನಿಮ್ಮ ಜಿಎಸ್‌ಟಿ ಖಾತೆಗೆ ಜಮೆಯಾಗುತ್ತದೆ, ಕೇಳಿ ಪಡೆಯಬೇಕು ಅಷ್ಟೆ.

ವಿದೇಶದ ಮಾತು ಬೇರೆ. ಅಮೆರಿಕದಲ್ಲಿರುವ ಮಗಳಿಗೆ ಅಮ್ಮ ಕಳಿಸುವ ಡಬ್ಬಿ ಉಡುಗೊರೆ. ಅದನ್ನೇ ಅಲ್ಲಿನ ಕನ್ನಡ ಕೂಟದವರಿಗೆ ಬೆಲೆಗೆ ಕಳಿಸಿದರೆ ರಫ್ತು. ಅದಕ್ಕೆ ಆಮದು-ರಫ್ತು ಕೋಡ್ ಬೇಕು, ಆ ದೇಶದ ಆಹಾರ ನಿಯಮವೂ ತಾಗುತ್ತದೆ. ಶುರುವಿನಲ್ಲೇ ಇದಕ್ಕೆ ಕೈಹಾಕಬೇಡಿ.

ಲೇಬಲ್ ಮತ್ತು ಆಹಾರ ಪರವಾನಗಿ

ತಿನ್ನುವ ಪದಾರ್ಥ ಮಾರುವ ಎಲ್ಲರಿಗೂ, ಮನೆಯಲ್ಲೇ ಮಾಡಿದರೂ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಅಥವಾ ಪರವಾನಗಿ ಬೇಕು. ಫಾಸ್ಕಾಸ್ ಎಂಬ ಪೋರ್ಟಲ್‌ನಲ್ಲಿ ಅರ್ಜಿ. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು, ತೆರಿಗೆ ಸೇರಿದ ಎಂಆರ್‌ಪಿ, ಬ್ಯಾಚ್ ಸಂಖ್ಯೆ, ತಯಾರಕರ ಹೆಸರು ವಿಳಾಸ, ದೂರು ಹೇಳಲು ಫೋನ್ ಅಥವಾ ಇಮೇಲ್. ಶೇಂಗಾ ಹಾಕಿದ್ದರೆ ಅದನ್ನು ಎದ್ದು ಕಾಣುವಂತೆ ಬರೆಯಿರಿ. ಶೇಂಗಾ ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ, ಮತ್ತು ದೂರದ ಗಿರಾಕಿ ನಿಮ್ಮನ್ನು ಎದುರಿಗೆ ಕೇಳಲಾರರು.

2024ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಇ-ಕಾಮರ್ಸ್ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು. ಗಿರಾಕಿಯ ಕೈ ಸೇರುವಾಗ ಪದಾರ್ಥದ ಬಾಳಿಕೆ ಕನಿಷ್ಠ ಶೇ 30 ಅಥವಾ 45 ದಿನ ಬಾಕಿ ಇರಬೇಕು ಎಂದು. ಎರಡು ತಿಂಗಳು ಬಾಳುವ ಪುಡಿಯನ್ನು ತಾಣದ ಗೋದಾಮಿನಲ್ಲಿ ಮೊದಲೇ ತುಂಬಿಸಿಡುವುದು ಇದರಿಂದ ಕಷ್ಟವಾಗುತ್ತದೆ. ಆರ್ಡರ್ ಬಂದ ಮೇಲೆ ಮನೆಯಿಂದಲೇ ಹೊರಡಿಸುವ ವಿಧಾನ ನಿಮಗೆ ಹೊಂದುತ್ತದೆ.

ಕೈಗಳೆಷ್ಟು, ಹಣ ಯಾವಾಗ

ಒಂದು ಪಾರ್ಸೆಲ್ ಕಟ್ಟಿ, ವಿಳಾಸ ಅಂಟಿಸಿ, ಗಿರಾಕಿಗೆ ಟ್ರ್ಯಾಕಿಂಗ್ ಸಂಖ್ಯೆ ಕಳಿಸಲು ಹತ್ತು ನಿಮಿಷ ಹಿಡಿಯಿರಿ. ದಿನಕ್ಕೆ ಹನ್ನೆರಡು ಪಾರ್ಸೆಲ್ ಅಂದರೆ ಎರಡು ಗಂಟೆ. ಆ ಎರಡು ಗಂಟೆ ಒಲೆಯ ಮುಂದಿನಿಂದ ಬರುತ್ತದೋ, ಅಂಗಡಿಯಿಂದಲೋ, ನಿದ್ದೆಯಿಂದಲೋ ಮೊದಲೇ ತೀರ್ಮಾನವಾಗಲಿ. ಅಂಗಡಿಯ ಕಪಾಟೂ ಆನ್‌ಲೈನ್ ದಾಸ್ತಾನೂ ಒಂದೇ ಆಗಿದ್ದರೆ ಹಬ್ಬದ ವಾರ ಖಾಲಿಯಾದ ಸರಕಿಗೆ ಆರ್ಡರ್ ಬಂದು, ರದ್ದು ಮಾಡಿ, ತಾಣದಲ್ಲಿ ನಿಮ್ಮ ರೇಟಿಂಗ್ ಇಳಿಯುತ್ತದೆ. ಆನ್‌ಲೈನ್‌ಗೆಂದು ಬೇರೆ ಡಬ್ಬ ಎತ್ತಿಡಿ. ತಾಣದವರು ಹಣ ಕೊಡುವುದು ಸರಕು ತಲುಪಿ ಕೆಲವು ದಿನಗಳಾದ ಮೇಲೆ. ಅಷ್ಟು ದಿನದ ಶೇಂಗಾ, ಮೆಣಸಿನಕಾಯಿ ಖರೀದಿಗೆ ಕೈಯಲ್ಲಿ ದುಡ್ಡಿರಬೇಕು.

ಒಂದು ತಿಂಗಳು ಪರೀಕ್ಷಿಸಿ

ಬಾಳಿಕೆ ಹೆಚ್ಚಿರುವ, ಒಡೆಯದ ಎರಡೇ ಬಗೆ ಆರಿಸಿ. ಒಂದು ಕಿಲೋದ ಕಟ್ಟು ಮಾತ್ರ ಮಾರಿ. ಕರ್ನಾಟಕದೊಳಗೆ ಮಾತ್ರ, ಮುಂಗಡ ಹಣಕ್ಕೆ ಮಾತ್ರ. ಹಳೆಯ ಗಿರಾಕಿಗಳಲ್ಲಿ ನಲವತ್ತು ಜನಕ್ಕೆ ಫೋಟೊ, ಬೆಲೆ, ಸಾಗಣೆ ಶುಲ್ಕ ಬರೆದು ಕಳಿಸಿ. ವಾರದಲ್ಲಿ ಎರಡೇ ದಿನ, ಸೋಮವಾರ ಮತ್ತು ಗುರುವಾರ, ಪಾರ್ಸೆಲ್ ಹೊರಡಿಸಿ. ಶುಕ್ರವಾರ ಹೊರಟದ್ದು ಭಾನುವಾರವೆಲ್ಲ ಗೋದಾಮಿನಲ್ಲಿ ಕೊಳೆಯುತ್ತದೆ.

ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಪಾರ್ಸೆಲ್‌ಗೆ ಒಂದು ಸಾಲು. ದಿನಾಂಕ, ಊರು, ತಕ್ಕಡಿ ತೂಕ, ಕೊರಿಯರ್ ಹಾಕಿದ ತೂಕ, ಸಾಗಣೆ ದುಡ್ಡು, ಎಷ್ಟು ದಿನಕ್ಕೆ ತಲುಪಿತು, ಒಡೆದಿತ್ತೇ, ಕೊನೆಗೆ ಉಳಿದದ್ದೆಷ್ಟು. ಇನ್ನೊಂದು ಪುಟದಲ್ಲಿ ಹೊರರಾಜ್ಯದಿಂದ ಕೇಳಿದವರ ಹೆಸರು, ಎಷ್ಟು ಬೇಕೆಂದರು. ತಿಂಗಳ ಕೊನೆಗೆ ಮೊದಲ ಪುಟದ ಕೊನೆಯ ಕಾಲಮ್ಮನ್ನು ಅಂಗಡಿಯ ಉಳಿತಾಯದ ಪಕ್ಕ ಇಟ್ಟು ನೋಡಿ. ಜಿಎಸ್‌ಟಿ ನೋಂದಣಿ ಮಾಡಿಸಬೇಕೋ ಬೇಡವೋ ಎಂಬುದಕ್ಕೆ ಎರಡನೇ ಪುಟ ಎಷ್ಟು ತುಂಬಿದೆ ಎಂಬುದನ್ನು ನೋಡಿ.